ಮನೆಯವರಿಗೆ ಯಾರೂ ಕಣ ಕೊಡುವುದಿಲ್ಲ

“ಆಂಟಿ, ನೀವು ಯಾವ ಪ್ಯಾಕೇಜಲ್ಲಿ ಬಂದಿದೀರಾ?”

ಕೇಳಿದವಳು ಬೆಂಗಳೂರಿನಿಂದ ಬಂದ ಹುಡುಗಿ. ಸ್ನಾನದ ಮನೆಯಲ್ಲಿ ಬಿಸಿನೀರು ಬರುತ್ತಿಲ್ಲ ಎಂದು ಹೇಳಲು ಜಗುಲಿಗೆ ಬಂದಿದ್ದಳು. ನಾನು ನನ್ನ ಅಕ್ಕನ ಮನೆಯ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಹಿನ್ನೀರು ನೋಡುತ್ತ ಕಾಟುಮಾವಿನ ಹಣ್ಣು ಚೀಪುತ್ತಿದ್ದೆ. ಮೊಣಕೈವರೆಗೂ ರಸ ಇಳಿದಿತ್ತು. ಇಷ್ಟು ನಿಶ್ಚಿಂತೆಯಿಂದ ಕೂತ ಹೆಂಗಸು ದುಡ್ಡು ಕೊಟ್ಟು ಬಂದವಳೇ ಇರಬೇಕು ಎಂದು ಅವಳಿಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ.

“ನಾನು ಮನೆಯವಳು ಕಣಮ್ಮ” ಎಂದೆ.

“ಓ ಹೌದಾ? ಹಾಗಾದ್ರೆ ಗೀಸರ್ ಸ್ವಲ್ಪ ನೋಡ್ತೀರಾ?”

ಕೈ ತೊಳೆದುಕೊಂಡು ಹೋಗಿ ನೋಡಿದೆ. ಮನೆಯವಳು ಅಂತ ಹೇಳಿಕೊಂಡ ಮೇಲೆ ನೋಡಬೇಕಲ್ಲ.

ಅಕ್ಕನನ್ನು ಲಾಂಚ್ ಹೊರಡುವ ಹೊಳೆಬಾಗಿಲಿನಿಂದ ಆಚೆ ದಡಕ್ಕೆ ಮದುವೆ ಮಾಡಿ ಕೊಟ್ಟಾಗ ನಮ್ಮ ನಿಟ್ಟೂರಿನ ಕಡೆಯವರು ಹೆಣ್ಣನ್ನು ನೀರಿಗೆ ತಳ್ಳಿದ ಹಾಗೇ ಮಾತಾಡಿದ್ದರು. ಸುತ್ತ ಮೂರು ಕಡೆ ಹಿನ್ನೀರು, ಇನ್ನೊಂದು ಕಡೆ ಕಾಡು. ಸಾಗರಕ್ಕೆ ಹೋಗಬೇಕೆಂದರೆ ಲಾಂಚ್ ಕಾಯಬೇಕು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮುಗಿಯಿತು. ಅದನ್ನು ಎಲ್ಲರೂ ದ್ವೀಪ ಎಂದೇ ಕರೆಯುತ್ತಿದ್ದರು. ನನಗೆ ಮಾತ್ರ ಆ ಜಾಗ ಮೊದಲ ದಿನದಿಂದಲೇ ಹಿಡಿಸಿತು. ನಾನು ಮದುವೆಯಾಗಲಿಲ್ಲ. ಮಂಡಗದ್ದೆ ಕಡೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತ, ತೀರ್ಥಹಳ್ಳಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಅಪ್ಪ ಅಮ್ಮ ಹೋದ ಮೇಲೆ ತವರು ಎನ್ನುವುದೂ ಉಳಿಯಲಿಲ್ಲ. ಬೇಸಿಗೆ ರಜೆ ಬಂದರೆ ಸಾಕು, ಬಟ್ಟೆ ಗಂಟು ಕಟ್ಟಿಕೊಂಡು ಲಾಂಚ್ ಹತ್ತುತ್ತಿದ್ದೆ.

ನಮ್ಮ ಕಡೆ ನೆಂಟರ ಮನೆಯಿಂದ ಹೆಂಗಸೊಬ್ಬಳು ಹೊರಟರೆ ಅವಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಮಣೆ ಹಾಕಿ ಕೂರಿಸಿ, ಕುಂಕುಮ ಹಚ್ಚಿ, ಎಲೆ ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ ಕೊಟ್ಟು ಕಳಿಸುತ್ತಾರೆ. ಆ ಕಾಯಿಯನ್ನು ಅವಳು ತನ್ನ ಮನೆಗೆ ಒಯ್ದು, ಒಡೆದು, ಏನಾದರೂ ಸಿಹಿ ಮಾಡಬೇಕು. ನಾನು ಮೊದಲ ಸಲ ರಜೆ ಮುಗಿಸಿ ಹೊರಟಾಗ, ಅಕ್ಕ ಮರೆತಳೇನೋ ಎಂದುಕೊಂಡು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಅಕ್ಕನಿಗೆ ನಗು ಬಂತು.

“ಎಂತ ಕಾಯ್ತಿದ್ದೀಯೆ? ಕಣಕ್ಕಾ? ಮನೆಯವ್ರಿಗೆ ಯಾರಾದ್ರೂ ಕಣ ಕೊಡ್ತಾರೇನೆ? ಅದೆಲ್ಲ ನೆಂಟ್ರಿಗೆ. ನಡಿ, ಲಾಂಚ್ ಹೋಗ್ತದೆ.”

ಅವತ್ತು ಲಾಂಚಿನ ಕಂಬಿ ಹಿಡಿದು ನಿಂತಾಗ ನನಗೆ ಅಳು ಬಂದಿತ್ತು, ಖುಷಿಗೆ. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯೂ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕೋಕಮ್ ಸಿಪ್ಪೆ ಎಲ್ಲ ಹೊರಿಸಿ ಕಳಿಸಿದಳು, ಕಣ ಮಾತ್ರ ಕೊಡಲಿಲ್ಲ. ಆ ಮನೆಯಲ್ಲಿ ನೀರಿಗೆ ಮುಖ ಮಾಡಿದ ಒಂದು ಕೋಣೆ ಇತ್ತು. ಅದಕ್ಕೆ ಭಾವನೇ ‘ಟೀಚರ ಕೋಣೆ’ ಎಂದು ಹೆಸರಿಟ್ಟರು. ಅಲ್ಲಿ ನನ್ನ ಟ್ರಂಕು, ನನ್ನ ಪುಸ್ತಕದ ಗೂಡು, ಕಿಟಕಿಯ ಹೊರಗೆ ನಾನು ನೆಟ್ಟ ಮಲ್ಲಿಗೆ ಬಳ್ಳಿ. “ರಿಟೈರ್ ಆದ್ಮೇಲೆ ಇಲ್ಲೇ ಬಂದ್ಬಿಡೆ, ನಂಗೂ ಒಂದು ಜೊತೆ” ಎಂದು ಅಕ್ಕ ಒಂದು ಸಲವಲ್ಲ, ಪ್ರತಿ ವರ್ಷ ಹೇಳುತ್ತಿದ್ದಳು. ನಾನು ಅದನ್ನು ನಂಬಿದೆ. ನಂಬದೆ ಇರಲು ಕಾರಣವೇ ಇರಲಿಲ್ಲ.

ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸಿದ ಮೇಷ್ಟ್ರು ಊರಿನ ಮಕ್ಕಳಿಗೆಲ್ಲ ಜೂನ್ ಒಂದನ್ನೇ ಹುಟ್ಟಿದ ದಿನ ಮಾಡಿಟ್ಟಿದ್ದರು. ಅದರಿಂದ ನನ್ನಂಥವರೆಲ್ಲ ಮೇ ಕೊನೆಗೆ ನಿವೃತ್ತಿಯಾಗುತ್ತೇವೆ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆಯುವುದೂ ನಾವು ಹೊರಬೀಳುವುದೂ ಹೆಚ್ಚುಕಡಿಮೆ ಒಟ್ಟಿಗೇ. ಈ ವರ್ಷ ನನ್ನ ಸರದಿ. ಉಳಿದಿದ್ದ ರಜೆಯನ್ನೆಲ್ಲ ಬೇಸಿಗೆ ರಜೆಗೆ ಸೇರಿಸಿಕೊಂಡು ಎಂದಿಗಿಂತ ಮೊದಲೇ ಅಕ್ಕನ ಮನೆಗೆ ಬಂದೆ. ಬರುವ ಮೊದಲು ಬಾಡಿಗೆ ಮನೆಯ ಯಜಮಾನರಿಗೆ, ಮೇ ಮುಗಿದ ಮೇಲೆ ಮನೆ ಬೇರೆಯವರಿಗೆ ಕೊಡಿ ಎಂದು ಹೇಳಿದೆ. ಮಂಚವನ್ನು ಪಕ್ಕದ ಮನೆಯವರಿಗೆ ಕೊಟ್ಟೆ, ಗ್ಯಾಸ್ ಒಲೆಯನ್ನು ಕೆಲಸಕ್ಕೆ ಬರುತ್ತಿದ್ದವಳಿಗೆ ಕೊಟ್ಟೆ. ಶಾಲೆಯಲ್ಲಂತೂ ವರ್ಷವಿಡೀ ಇದೇ ಮಾತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಮುಂದೇನು ಎಂದರೆ ಸಾಕು, “ದ್ವೀಪಕ್ಕೆ ಹೋಗಿ ಕಾಲು ಚಾಚ್ತೀನಿ” ಎಂದು ಜಂಭದಿಂದ ಹೇಳುತ್ತಿದ್ದೆ.

ಆದರೆ ಇದು ಹಿನ್ನೀರಿಗೆ ಸೇತುವೆ ಆದ ಮೇಲಿನ ಮೊದಲ ಬೇಸಿಗೆ.

ಬಂದ ಹೊಸತರಲ್ಲಿ ನನಗೇನೂ ಕಾಣಲಿಲ್ಲ. ಹಿಂದೆಂದೂ ಅಷ್ಟು ಸೋಮಾರಿಯಾಗಿ ಬದುಕಿರಲಿಲ್ಲ. ತಿದ್ದಬೇಕಾದ ಉತ್ತರ ಪತ್ರಿಕೆಯಿಲ್ಲ, ತರಬೇತಿಯಿಲ್ಲ, ಮೊಬೈಲಿನಲ್ಲಿ ‘ತುರ್ತು’ ಎಂದು ಮಾಹಿತಿ ಕೇಳಿ ಬರುವ ಮೆಸೇಜಿಲ್ಲ. ಬೆಳಿಗ್ಗೆ ಕಾಫಿ ಕುಡಿದು ದಡಕ್ಕೆ ಇಳಿಯುತ್ತಿದ್ದೆ. ನೀರು ದಿನದಿನಕ್ಕೂ ಇಳಿದು ಕೆಂಪು ಮಣ್ಣಿನ ಮೆಟ್ಟಿಲು ಬಿಟ್ಟಿರುತ್ತಿತ್ತು. ಮುಳುಗಿದ ಕಾಡಿನ ಕರೀ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತಿದ್ದವು. ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತುಬಿಡುತ್ತಿದ್ದೆ. ಮಧ್ಯಾಹ್ನ ಮಾವಿನಕಾಯಿಯ ಅಪ್ಪೆಹುಳಿ ಕುಡಿದು ಗಡದ್ದಾಗಿ ನಿದ್ದೆ.

ಅಕ್ಕನ ಮಗ ಮನೆಯನ್ನು ಹೋಂಸ್ಟೇ ಮಾಡಿದ್ದ. ಒಳ್ಳೆಯದೇ, ಹುಡುಗ ಊರಲ್ಲೇ ಇದ್ದು ಏನೋ ಮಾಡುತ್ತಿದ್ದಾನೆ ಎಂದುಕೊಂಡೆ. ಸಿಗಂದೂರಿನ ದೇವಸ್ಥಾನಕ್ಕೆ ಬಂದವರು ಸೇತುವೆ ಮೇಲೆ ಸೆಲ್ಫಿ ತೆಗೆದುಕೊಂಡು ಹಾಗೇ ಇಲ್ಲಿ ಬಂದು ಉಳಿಯುತ್ತಿದ್ದರು. ರಜೆ ಮುಗಿಯುವುದಕ್ಕೆ ಕೆಲವೇ ವಾರ ಇದೆ ಎನ್ನುವಾಗ ಅವನು ಬಂದು ನನ್ನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಚಿಕ್ಕಮ್ಮ, ಶನಿವಾರ ಭಾನುವಾರ ಮಾತ್ರ ನಿಮ್ಮ ಕೋಣೆ ಕೊಡ್ತೀರಾ? ನೀರು ಕಾಣೋ ರೂಮೇ ಬೇಕು ಅಂತಾರೆ ಮಾರಾಯ್ರೆ.”

ಕೊಟ್ಟೆ. ಅಡಿಗೆಮನೆ ಪಕ್ಕದಲ್ಲಿ ಹಪ್ಪಳದ ಡಬ್ಬಿ, ತೆಂಗಿನಕಾಯಿ ತುಂಬಿಡುವ ಕತ್ತಲೆ ಕೋಣೆಯಲ್ಲಿ ಚಾಪೆ ಹಾಕಿಕೊಂಡೆ. ಸೋಮವಾರ ವಾಪಸು ಹೋಗಿ ನೋಡಿದರೆ ಬಾಗಿಲಿಗೆ ‘ಲೇಕ್ ವ್ಯೂ’ ಎಂಬ ಬೋರ್ಡು ಬಿದ್ದಿತ್ತು. ಪುಸ್ತಕದ ಗೂಡಿನಲ್ಲಿ ಶಾಂಪೂ ಪೊಟ್ಟಣ, ಮಡಿಸಿಟ್ಟ ಟವೆಲು. ಟ್ರಂಕು ಕೊಟ್ಟಿಗೆಯಲ್ಲಿ ಹಳೆ ಗೋಣಿಚೀಲಗಳ ಕೆಳಗೆ ಇತ್ತು. ಮಂಗಳವಾರಕ್ಕೂ ಯಾರೋ ಬುಕ್ ಮಾಡಿದ್ದರು. ಹಾಗೆ ನಾನು ಹಪ್ಪಳದ ಜೊತೆಯಲ್ಲೇ ಉಳಿದೆ.

ಸಂಜೆ ಅಕ್ಕನ ಮಗ ಅಂಗಳದಲ್ಲಿ ಬೆಂಕಿ ಹಾಕಿ, ಬಂದವರನ್ನು ಸುತ್ತ ಕೂರಿಸುತ್ತಿದ್ದ. ಒಂದು ದಿನ ನನ್ನನ್ನೂ ಕರೆದು ನಿಲ್ಲಿಸಿ, “ಇವ್ರು ನಮ್ಮ ಚಿಕ್ಕಮ್ಮ, ರಿಟೈರ್ಡ್ ಟೀಚರ್, ಹಳೆ ಕತೆ ಹೇಳ್ತಾರೆ” ಎಂದ. ನಾನಿನ್ನೂ ರಿಟೈರ್ಡ್ ಆಗಿರಲಿಲ್ಲ. ಅಣೆಕಟ್ಟಿನ ನೀರಿಗೆ ಊರು ಬಿಟ್ಟವರ ಕತೆ ಶುರು ಮಾಡಿದೆ. ಭಾವನ ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಆ ನೀರಿನ ಅಡಿಯಲ್ಲೇ ಇದೆ ಎಂದು ಕೈ ತೋರಿಸಿದೆ. “ದೆವ್ವ ಇದೆಯಾ ಅಲ್ಲಿ?” ಎಂದು ಒಬ್ಬ ಕೇಳಿದ. ನನಗೆ ಉರಿದುಹೋಯಿತು. ತಲೆನೋವು ಎಂದು ಹೇಳಿ ಒಳಗೆ ಬಂದೆ.

ಅಕ್ಕನ ಮಗನ ಇನ್ನೊಂದು ಉಪಾಯ ಕೇಳಿ. ಸಾಗರದ ಅಂಗಡಿಯಿಂದ ಕಣದ ಬಟ್ಟೆಯ ಬಂಡಲು ತಂದಿದ್ದ. ಲೆಕ್ಕ ಚುಕ್ತಾ ಮಾಡಿ ಹೊರಡುವ ಹೆಂಗಸರಿಗೆಲ್ಲ ಅಕ್ಕ ಕುಂಕುಮ ಹಚ್ಚಿ ಒಂದೊಂದು ಕಣ ಕೊಡಬೇಕು. ಅವರು ಫೋಟೋ ತೆಗೆದುಕೊಂಡು ಮಲೆನಾಡಿನ ಸಂಪ್ರದಾಯ ಎಂದು ಎಲ್ಲೆಲ್ಲೋ ಹಾಕುತ್ತಿದ್ದರು. ಅಕ್ಕ ಬೆಳಿಗ್ಗೆಯಿಂದ ಕಡುಬು, ನೀರುದೋಸೆ ಮಾಡಿ ಸೊಂಟ ಹಿಡಿದುಕೊಂಡೇ ಬಂದು ಕುಂಕುಮ ಹಚ್ಚುತ್ತಿದ್ದಳು. ಅವಳನ್ನು ನೋಡಿ ಅಯ್ಯೋ ಎನಿಸುತ್ತಿತ್ತು, ಅದರ ಬೆನ್ನಿಗೇ ಸಿಟ್ಟೂ ಬರುತ್ತಿತ್ತು. ನನ್ನ ಕೋಣೆಯ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ.

ನಾನೂ ಕೇಳಲಿಲ್ಲ. ನಮ್ಮ ಮನೆತನವೇ ಹಾಗೆ. ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳಿದರೆ ಮರ್ಯಾದೆ ಹೋಯಿತು ಎಂದುಕೊಳ್ಳುವವರು. ಇಷ್ಟು ವರ್ಷ ಹೇಳಿದ ಮಾತನ್ನು ಅವಳೇ ಮತ್ತೊಮ್ಮೆ ಹೇಳಲಿ ಎಂದು ನಾನು ಕಾಯುತ್ತಿದ್ದೆ. ಆ ಮಾತು ಮೇಲೆ ಬರದೇ ಇರಲಿ ಎಂದು ಅವಳು ಕಾಯುತ್ತಿದ್ದಳು ಎಂದು ಈಗ ಅನಿಸುತ್ತದೆ.

ಕೊನೆಗೆ ಮಾತು ಬಂದದ್ದು ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುವಾಗ. ಅವತ್ತು ಬೆಳಿಗ್ಗೆ ತೀರ್ಥಹಳ್ಳಿಯ ಮನೆ ಯಜಮಾನರು ಫೋನ್ ಮಾಡಿದ್ದರು, ಮನೆ ನೋಡಲು ಯಾರೋ ಬರುತ್ತಾರಂತೆ. ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡು ಅಕ್ಕನ ಎದುರು ಕೂತಿದ್ದೆ. ಅವಳು ಹಪ್ಪಳ ತಿರುವಿ ಹಾಕುತ್ತ, ತಲೆ ಎತ್ತದೆ ಕೇಳಿದಳು.

“ನಿನ್ನ ಬಾಡಿಗೆ ಮನೆಯವ್ರು ಒಳ್ಳೆಯವ್ರು ಅಲ್ವನೆ?”

“ಹೂಂ.”

“ಅಲ್ಲೇ ಆರಾಮಾಗಿದೀಯ ಬಿಡು. ಆಸ್ಪತ್ರೆ ಹತ್ರ, ಬಸ್ಸು ಹತ್ರ. ಇಲ್ಲಿ ಎಂತ ಉಂಟು? ಈಗಂತೂ ಸಂತೆ ಆಗಿದೆ. ನಿಂಗೆ ಗಲಾಟೆ ಆಗಲ್ಲ.”

ಮಂಚ ಕೊಟ್ಟೆ, ಒಲೆ ಕೊಟ್ಟೆ, ಮನೆ ಬಿಟ್ಟೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಅಕ್ಕ ಇಲ್ಲ ಎನ್ನುತ್ತಿರಲಿಲ್ಲ. ಕೊಟ್ಟಿಗೆ ಪಕ್ಕದಲ್ಲಾದರೂ ಒಂದು ಜಾಗ ಮಾಡಿಸುತ್ತಿದ್ದಳು. ದಿಕ್ಕಿಲ್ಲದೆ ಬಂದವಳಿಗೆ ಕೊಡುವ ಆ ಜಾಗ ನನಗೆ ಬೇಡವಾಗಿತ್ತು. “ಹೌದು, ಅಲ್ಲೇ ಅನುಕೂಲ” ಎಂದೆ. ಅವಳ ಮುಖ ಎಷ್ಟು ಹಗುರಾಯಿತೆಂದರೆ, ಅದನ್ನು ನೋಡಲಾರದೆ ನಾನು ಎದ್ದು ಕಾಗೆ ಓಡಿಸುವವಳ ಹಾಗೆ ಕೈ ಬೀಸುತ್ತ ಅತ್ತ ಹೋದೆ.

ಉಳಿದ ದಿನಗಳನ್ನೂ ಆರಾಮವಾಗಿಯೇ ಕಳೆದೆ. ಬೇಕೆಂದೇ ಕಳೆದೆ. ಬೆಳಿಗ್ಗೆ ಸಂಜೆ ನೀರಿಗೆ ಇಳಿದೆ, ಹೊಟ್ಟೆ ತುಂಬ ಮಾವು ತಿಂದೆ, ಪಾತ್ರೆ ತೊಳೆಯಲು ಕೈ ಹಾಕಲಿಲ್ಲ. ನೆಂಟಳೇ ಆದರೆ ನೆಂಟಳ ಹಾಗೇ ಇರೋಣ ಎಂಬ ಹಟ. ಭಾವ ಮಾತ್ರ ಒಮ್ಮೆ ದಡಕ್ಕೆ ಬಂದು ನನ್ನ ಪಕ್ಕ ನಿಂತರು. ಲಾಂಚ್ ಬರುವ ಹೊತ್ತಿಗೆ ದಡಕ್ಕೆ ಬರುವ ಅಭ್ಯಾಸ ಅವರಿಗೆ ಇನ್ನೂ ಹೋಗಿರಲಿಲ್ಲ. ಏನೋ ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡರು. “ನೀರು ಭಾರಿ ಇಳಿದದೆ ಈ ಸಲ” ಎಂದು ಹೇಳಿ ವಾಪಸು ಹೋದರು.

ಹೊರಡುವ ದಿನ ಬೆಳಿಗ್ಗೆ ಅಕ್ಕನ ಮಗ ಕಾರು ತೆಗೆದು ನಿಲ್ಲಿಸಿದ್ದ. ನಾನು ಚೀಲ ಹಿಡಿದು ಚಪ್ಪಲಿ ಹುಡುಕುತ್ತಿದ್ದೆ. ಒಳಗಿನಿಂದ ಅಕ್ಕ ಕೂಗಿದಳು.

“ಬಾರೆ ಇಲ್ಲಿ. ಒಂದ್ಗಳಿಗೆ ಕೂತ್ಕ.”

ದೇವರ ಕೋಣೆಯ ಮುಂದೆ ಮಣೆ ಹಾಕಿತ್ತು. ಅದರ ಮುಂದೆ ಹರಿವಾಣ. ಹರಿವಾಣದಲ್ಲಿ ಕುಂಕುಮದ ಭರಣಿ, ಎಲೆ ಅಡಿಕೆ, ಸಿಪ್ಪೆ ಸುಲಿದು ಜುಟ್ಟು ಬಿಟ್ಟ ತೆಂಗಿನಕಾಯಿ, ಒಂದು ಕಣ. ಅದು ಬಂಡಲಿನದ್ದಾಗಿದ್ದರೆ ನಾನು ಸಿಟ್ಟು ಮಾಡಿಕೊಂಡು ಎದ್ದು ಹೋಗಬಹುದಿತ್ತು. ಅದು ಅಕ್ಕ ತನ್ನ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ, ಅಂಚಿಗೆ ಜರಿ ಇದ್ದ ಹಸಿರು ರೇಷ್ಮೆ ಕಣ. ನಾನು ಮಣೆಯ ಮೇಲೆ ಕೂತೆ. ಅವಳು ನನ್ನ ಹಣೆಗೆ ಕುಂಕುಮ ಹಚ್ಚಿದಳು. ಅವಳ ಕಣ್ಣಲ್ಲಿ ನೀರಿತ್ತು. ಪ್ರೀತಿಯಿಲ್ಲದೆ ಕೊಟ್ಟದ್ದಲ್ಲ ಅದು. ನಾನು ಸೆರಗೊಡ್ಡಿದೆ.

“ಮನೆಗೆ ಹೋಗಿ ಕಾಯಿ ಒಡ್ದು ಪಾಯಸ ಮಾಡ್ಕ” ಎಂದಳು. “ಮುಂದಿನ್ ಬ್ಯಾಸ್ಗೆಗೂ ತಪ್ಪದೇ ಬರ್ಬೇಕು.”

“ಬರ್ತೀನಿ” ಎಂದೆ.

ಲಾಂಚಿನಲ್ಲಾಗಿದ್ದರೆ ಆಚೆ ದಡ ಮುಟ್ಟುವಷ್ಟರಲ್ಲಿ ಒಂದಿಷ್ಟು ಹೊತ್ತಾದರೂ ಅಳಲು ಸಿಗುತ್ತಿತ್ತು. ಸೇತುವೆ ಮೇಲೆ ಕಾರು ಸುಯ್ಯನೆ ದಾಟಿಬಿಟ್ಟಿತು. ಅಕ್ಕನ ಮಗ ಗಾಡಿ ಓಡಿಸುತ್ತ, “ಚಿಕ್ಕಮ್ಮ, ನೀವು ಚೆನ್ನಾಗಿ ಬರೀತೀರಲ್ಲ, ನಮ್ಮ ಹೋಂಸ್ಟೇಗೆ ಒಂದು ರಿವ್ಯೂ ಬರೀರಿ” ಎಂದ. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅವನ ಕಾರು ಹೋದ ಮೇಲೆ, ಕಾಯಿ ಹಿಡಿದುಕೊಂಡೇ ತೀರ್ಥಹಳ್ಳಿಗೆ ಫೋನ್ ಮಾಡಿ ಮನೆ ನನಗೇ ಇರಲಿ ಎಂದೆ. ಮನೆ ಯಜಮಾನರು ಒಳ್ಳೆಯವರೇ. “ಅಯ್ಯೋ ಟೀಚರೇ, ನಿನ್ನೆ ತಾನೇ ಅಡ್ವಾನ್ಸ್ ತಗೊಂಡ್ನಲ್ಲ. ಒಂದು ಮಾತು ಮೊದ್ಲೇ ಹೇಳ್ಬಾರ್ದಿತ್ತಾ?” ಎಂದರು. ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿದೆ.

ಶಾಲೆ ಬಾಗಿಲು ತೆರೆದಾಗ ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಬಂದಿದ್ದರು. ನನ್ನ ಕೊನೆಯ ದಿನ ಸಹೋದ್ಯೋಗಿಗಳು ಸಣ್ಣದೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ತಿಂಗಳ ಕೊನೆವರೆಗೆ ನನ್ನದಾಗಿದ್ದ ಬಾಡಿಗೆ ಮನೆಯಲ್ಲಿ ಒಲೆಯಿರಲಿಲ್ಲ, ಆದ್ದರಿಂದ ಆ ಕಾಯಿಯನ್ನು ಶಾಲೆಗೇ ಒಯ್ದು ಬಿಸಿಯೂಟದ ಅಡಿಗೆ ಕೋಣೆಯಲ್ಲಿ ಒಡೆದೆ. ಅಡಿಗೆಯವರು ಅದನ್ನೇ ತುರಿದು, ಬೆಲ್ಲ ಹಾಕಿ ಪಾಯಸ ಮಾಡಿದರು. ಎಲ್ಲರೂ ಚೆನ್ನಾಗಿದೆ ಎಂದು ಎರಡೆರಡು ಸಲ ಹಾಕಿಸಿಕೊಂಡರು.

“ಇನ್ನೇನು ಟೀಚರ್, ನಾಳೆಯಿಂದ ಅಕ್ಕನ ಮನೆ, ದ್ವೀಪ, ಆರಾಮ!” ಎಂದರು ಹೆಡ್ ಮೇಷ್ಟ್ರು. “ನಮ್ಮನ್ನೆಲ್ಲ ಮರೆತುಬಿಡ್ಬೇಡಿ. ಅಲ್ಲಿಗೆ ಬಂದ್ರೆ ಜಾಗ ಕೊಡ್ತೀರಲ್ಲ?”

“ಬನ್ನಿ, ನೀರಿಗೆ ಮುಖ ಮಾಡಿದ ಕೋಣೆಯೇ ಇದೆ” ಎಂದೆ, ಲೋಟದ ತಳದಲ್ಲಿ ಉಳಿದಿದ್ದ ಕಾಯಿತುರಿಯನ್ನು ಬೆರಳಲ್ಲಿ ತೆಗೆದು ತಿನ್ನುತ್ತ.