ಹನ್ನೊಂದು ಲಿಫ್ಟು, ಮೂವತ್ನಾಲ್ಕು ಮೆಟ್ಟಿಲು

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ನಾಲ್ಕು ವರ್ಷಗಳಿಂದ ಅವಳದು ಒಂದೇ ಕೆಲಸ: ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುವುದು, ಬೆರಳ ತುದಿಯಲ್ಲಿ ನರ ಹುಡುಕುವುದು, ಅವರು ಮುಖ ಕಿವುಚುವ ಮೊದಲೇ ರಕ್ತ ತೆಗೆದು ಹತ್ತಿ ಒತ್ತಿಬಿಡುವುದು. ಬೇರೆಯವರು ನಾಲ್ಕು ಕಡೆ ಚುಚ್ಚಿ ಸೋತ ಕೈಗಳು ಕೊನೆಗೆ ಅವಳ ಮೇಜಿಗೇ ಬರುತ್ತಿದ್ದವು. ಸೂಜಿ ಕಂಡೊಡನೆ ಕಣ್ಣು ತೇಲಿಸುವ ಜಟ್ಟಿಯಂಥ ಗಂಡಸರು, ಒದೆಯುವ ಮಕ್ಕಳು, "ನನ್ನ ಮೈಯಲ್ಲಿ ರಕ್ತಾನೇ ಇಲ್ಲ, ಬಿಟ್ಬಿಡಮ್ಮ" ಎನ್ನುವ ಮುದುಕಿಯರು, ಯಾರ ಮೇಲೂ ಅವಳು ದನಿ ಏರಿಸಿದವಳಲ್ಲ. ಅಂಥ ಹೆಂಗಸು ಐದು ತಿಂಗಳಲ್ಲಿ ಹಲ್ಲು ಕಡಿಯುವಂತಾದದ್ದು ಒಂದು ಮನೆಯಿಂದ. ಸರಿಯಾಗಿ ಹೇಳಬೇಕೆಂದರೆ ಮನೆಯಿಂದಲ್ಲ, ಮನೆ ಆರಿಸಲು ಹೊರಟ ಗಂಡನಿಂದ.

ಹದಿನೇಳು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರಲು ನಿಶ್ಚಯಿಸಿ, ಆರು ತಿಂಗಳ ಗಡುವು ಕೊಟ್ಟಿದ್ದ. ಇನ್ನು ಬಾಡಿಗೆ ಮನೆಯ ಸಹವಾಸ ಸಾಕು, ಇರುವುದನ್ನೆಲ್ಲ ಹಾಕಿ ಸ್ವಂತದ್ದೊಂದು ಕೊಂಡುಬಿಡೋಣ ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಅಲ್ಲಿಯವರೆಗೆ ಇಬ್ಬರದೂ ಒಂದೇ ಮಾತು. ಅಲ್ಲಿಂದಾಚೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಅವರ ಕೈಗೆಟಕುವ ಮನೆಗಳು ಎರಡೇ ಬಗೆಯವು. ಒಂದು, ದೊಡ್ಡ ಕಟ್ಟಡದಲ್ಲೊಂದು ಫ್ಲಾಟು. ಇನ್ನೊಂದು, ಸಾಲುಮನೆ: ಎರಡೂ ಪಕ್ಕದ ಗೋಡೆಗಳನ್ನು ನೆರೆಯವರೊಂದಿಗೆ ಹಂಚಿಕೊಂಡು, ಮುಂದೆ ಅಂಗೈಯಗಲದ ಅಂಗಳ ಬಿಟ್ಟು, ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಮೂರಂತಸ್ತು ಮೇಲೇರುವ ಮನೆ. ಸೂಜಿಯಕ್ಕನಿಗೆ ಬೇಕಿದ್ದದ್ದು ಫ್ಲಾಟು. ದಿನಕ್ಕೆ ಎಂಟು ಗಂಟೆ ನಿಂತು ನಿಂತು ಅವಳ ಮಂಡಿಗಳು ಕೈಕೊಟ್ಟಿದ್ದವು. ಮೆಟ್ಟಿಲು ಹತ್ತುವಾಗ ಬಲಮಂಡಿ ಕಟಕ್ ಎಂದು ಸದ್ದು ಮಾಡುತ್ತಿತ್ತು, ಇಳಿಯುವಾಗ ಎಡದ್ದು ಉತ್ತರ ಕೊಡುತ್ತಿತ್ತು. ಎಲ್ಲ ಕೋಣೆಯೂ ಒಂದೇ ಮಟ್ಟದಲ್ಲಿರಬೇಕು, ಬಾಗಿಲು ತೆರೆದರೆ ಲಿಫ್ಟು ಇರಬೇಕು. ಅವಳ ಆಸೆ ಅಷ್ಟೇ.

ಲಿಫ್ಟು! ಅಲ್ಲೇ ಇದ್ದದ್ದು ತೊಡಕು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್.

ಮೊದಲ ಫ್ಲಾಟು ಆರನೆಯ ಮಹಡಿಯಲ್ಲಿತ್ತು. ದಲ್ಲಾಳಿ ಅಡುಗೆಮನೆಯ ಕಿಟಕಿ ತೆರೆದು ತೋರಿಸಿದ. ಗಾಳಿ ಧಾರಾಳವಾಗಿ ಒಳಗೆ ಬಂತು. ಕಪಾಟುಗಳು ಬಗ್ಗದೆ ಏಳದೆ ಕೈಗೆ ಸಿಗುವ ಎತ್ತರದಲ್ಲಿದ್ದವು. ಅವಳು ಆಗಲೇ ಮನಸ್ಸಿನಲ್ಲಿ ಡಬ್ಬಿಗಳನ್ನು ಜೋಡಿಸತೊಡಗಿದ್ದಳು. ಗಂಡ ಮಾತ್ರ ಪತ್ತೆಯಿಲ್ಲ. ಅವನು ಲಿಫ್ಟಿನ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದನಂತೆ, ಆಮೇಲೆ ಕಾವಲುಗಾರನಿಂದ ಕೀಲಿ ಇಸಿದುಕೊಂಡು ಮೇಲಿನ ಯಂತ್ರದ ಕೋಣೆಗೆ ಹೋದನಂತೆ. ಇಪ್ಪತ್ತು ನಿಮಿಷದ ನಂತರ ಗ್ರೀಸು ಮೆತ್ತಿದ ಬೆರಳುಗಳನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ ಬಂದ.

"ಬೇಡ," ಎಂದ, ಕಡ್ಡಿ ಮುರಿದಂತೆ.

"ಮನೆಯೊಳಗೆ ಕಾಲೇ ಇಟ್ಟಿಲ್ವಲ್ರೀ!"

"ಬ್ರೇಕಿನ ಪಟ್ಟಿ ಸವೆದುಹೋಗಿದೆ. ನಡಿ."

ಎರಡನೆಯದರಲ್ಲಿ ಉಕ್ಕಿನ ಹಗ್ಗದ ಎಳೆ ಬಿಟ್ಟಿತ್ತು. ಮೂರನೆಯದರಲ್ಲಿ ಲಿಫ್ಟಿನಡಿಯ ಹಳ್ಳದಲ್ಲಿ ನೀರು ನಿಂತಿತ್ತು. ನಾಲ್ಕನೆಯದರಲ್ಲಿ ಬಾಗಿಲ ಸೆನ್ಸರ್ ನಿದ್ದೆ ಮಾಡುತ್ತಿತ್ತು. ಭಾನುವಾರದ ಮೇಲೆ ಭಾನುವಾರ ಕಳೆದವು, ಹನ್ನೊಂದು ಫ್ಲಾಟುಗಳಾದವು. ಒಂದರ ಮಲಗುವ ಕೋಣೆಯೂ ಅವನಿಗೆ ನೆನಪಿಲ್ಲ, ಹನ್ನೊಂದು ಲಿಫ್ಟಿನ ಜಾತಕವೂ ಬಾಯಿಪಾಠ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಅವಳು ಕಂಡಿದ್ದಳು. ಇವನು ಮೊಸರಿನ ಪಾತ್ರೆಯನ್ನೇ ಬಿಚ್ಚಿ ನೋಡುವವನು. ನೆಲಮಹಡಿಯ ಫ್ಲಾಟು ಸಿಕ್ಕರೆ ಜಗಳವೇ ಇಲ್ಲವಲ್ಲ ಎಂದು ಕೇಳಿದರೆ ದಲ್ಲಾಳಿ ನಕ್ಕ. ಎಲ್ಲ ಕಟ್ಟಡಗಳಲ್ಲೂ ನೆಲಮಹಡಿ ಕಾರುಗಳಿಗೆ ಮೀಸಲು. ಕಾರಿಗೆ ಮಂಡಿನೋವು ಬರಬಾರದಲ್ಲ.

ಅದೇ ಗಂಡ ಸಾಲುಮನೆಯ ಮುಂದೆ ನಿಂತಾಗ ನೋಡಬೇಕಿತ್ತು. ಮುಖ ಊರಗಲ. ಅಂಗಳದ ನಲ್ಲಿ ತಿರುಗಿಸಿದ, ನೀರು ಬಂತು, ತಾನೇ ಬರಿಸಿದವನಂತೆ ಹಿಗ್ಗಿದ. ಕೆಳಗೆ ಹಜಾರ ಮತ್ತು ಅಡುಗೆಮನೆ. ಮಲಗುವ ಕೋಣೆಗಳೂ ಬಚ್ಚಲೂ ಮೊದಲ ಮಹಡಿಯಲ್ಲಿ. ಅದರ ಮೇಲೆ ಇನ್ನೊಂದು ಕೋಣೆ, ಮುಂದೆ ಬಯಲು ಮಾಳಿಗೆ. ಸೂಜಿಯಕ್ಕ ಕಂಬಿ ಹಿಡಿದುಕೊಂಡು ಹತ್ತಿದಳು. ಮೊದಲ ಸುತ್ತು ಹದಿನೇಳು, ಎರಡನೆಯದು ಹದಿನೇಳು. ಮೂವತ್ನಾಲ್ಕನೆಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು.

"ವ್ಯಾಯಾಮ ಆಗುತ್ತೆ ಕಣೇ," ಎಂದ ಗಂಡ.

ಅವಳ ಕೈಯಲ್ಲಿ ಆಗ ಸೂಜಿ ಇರಲಿಲ್ಲ. ಅದು ಅವನ ಪುಣ್ಯ.

ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಫೋನಿನಲ್ಲಿ ನ್ಯಾಯ ಹೇಳಲು ಬಂದಳು. "ಅಮ್ಮಾ, ಅಪ್ಪಂಗೆ ಭಯ ಇರ್ಬಹುದು. ಸೇಫ್ಟಿ ವಿಷಯ ಅವರಿಗೆ ಗೊತ್ತಲ್ವಾ."

"ಊರಿನ ಅರ್ಧ ಜನ ಅವರು ರಿಪೇರಿ ಮಾಡಿದ ಲಿಫ್ಟಲ್ಲೇ ಓಡಾಡ್ತಾರಲ್ಲೇ! ಅವರಿಗೆಲ್ಲ ಇಲ್ಲದ ಅಪಾಯ ನನಗೊಬ್ಬಳಿಗಾ?"

ಮಗಳು ಪರೀಕ್ಷೆ ಇದೆ ಎಂದು ಫೋನಿಟ್ಟಳು.

ಐದನೆಯ ತಿಂಗಳು ಹನ್ನೆರಡನೆಯ ಫ್ಲಾಟು ಸಿಕ್ಕಿತು. ಹೊಸ ಕಟ್ಟಡ, ಹೊಸ ಲಿಫ್ಟು. ಗಂಡ ಮೇಲೆ ಹೋಗಿ ಬಂದು, ಕರವಸ್ತ್ರದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. 

"ಮೆಷೀನು ಚೆನ್ನಾಗಿದೆ," ಎಂದ ಕೊನೆಗೆ, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ. "ಮೂರು ದಿನ ಯೋಚನೆ ಮಾಡೋಣ."

"ಇನ್ನೇನ್ರೀ ಯೋಚನೆ?"

"ಮೂರು ದಿನ ಅಷ್ಟೇ ಕಣೇ."

ಎರಡನೆಯ ದಿನವೇ ಯಾರೋ ಮುಂಗಡ ಕೊಟ್ಟು ಅದನ್ನು ಹಿಡಿದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಎರಡು ದಿನ ಗಂಡನೊಂದಿಗೆ ಮಾತು ಬಿಟ್ಟಳು. ಅವನೂ ಮಾತಾಡಿಸಲಿಲ್ಲ. ಅವನ ಮೌನದಲ್ಲಿ ಒಂದಿಷ್ಟು ನಿರಾಳವಿದ್ದಂತೆ ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಅದಾದ ವಾರಕ್ಕೆ, ಮಧ್ಯಾಹ್ನ ಲ್ಯಾಬಿನಲ್ಲಿ ಜನ ತುಂಬಿದ್ದಾಗ ದಲ್ಲಾಳಿಯ ಫೋನು ಬಂತು. "ಮೇಡಂ, ಆ ಸಾಲುಮನೆ ನೋಡಿದ್ರಲ್ಲ, ಅದಕ್ಕೂ ಬೇರೆ ಪಾರ್ಟಿ ಬಂದಿದೆ. ಸಾರ್ ಫೋನು ಎತ್ತುತ್ತಿಲ್ಲ. ಇವತ್ತು ಸಂಜೆ ಐದರೊಳಗೆ ಹೂಂ ಅಥವಾ ಉಹೂಂ ಹೇಳ್ಬಿಡಿ. ಸದ್ಯಕ್ಕೆ ನನ್ನ ಹತ್ರ ಬೇರೆ ಏನೂ ಇಲ್ಲ."

ಫೋನಿಟ್ಟು ಮೇಜಿಗೆ ಮರಳಿದಳು. ಎದುರಿಗೆ ಒಬ್ಬ ವೃದ್ಧ ಮೇಷ್ಟ್ರು ತೋಳು ಚಾಚಿ ಕುಳಿತಿದ್ದರು. ನರ ಎದ್ದು ಕಾಣುತ್ತಿತ್ತು, ಕಲಿಯುವವರೂ ತಪ್ಪಿಸದಂಥ ನರ. ಚುಚ್ಚಿದಳು. ಬರಲಿಲ್ಲ. ಮತ್ತೆ ಚುಚ್ಚಿದಳು. ಮೂರನೆಯ ಸಲಕ್ಕೆ ಚರ್ಮದಡಿ ನೀಲಿ ಹರಡಿತು. 

"ಪರವಾಗಿಲ್ಲಮ್ಮ, ಇನ್ನೊಂದು ಕೈ ಇದೆ," ಎಂದರು ಮೇಷ್ಟ್ರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮಾತಿಗೆ ಕಣ್ಣು ತುಂಬಿಬಿಟ್ಟಿತು. ಪಕ್ಕದ ಮೇಜಿನವಳನ್ನು ಕರೆದು, ಅರ್ಧ ದಿನ ರಜೆ ಬರೆದುಕೊಟ್ಟು, ನೇರವಾಗಿ ಗಂಡ ಕೆಲಸ ಮಾಡುತ್ತಿದ್ದ ಒಂಬತ್ತಂತಸ್ತಿನ ಕಚೇರಿ ಕಟ್ಟಡಕ್ಕೆ ಹೊರಟಳು. ಇಂದು ಇವರ ಗ್ರಹಚಾರ ಬಿಡಿಸಿಯೇ ಬಿಡುತ್ತೇನೆ ಎಂದುಕೊಂಡೇ ಬಸ್ಸಿಳಿದಳು.

ಕಟ್ಟಡದ ನೆಲಮಹಡಿಯಲ್ಲಿ ಜನ ಗುಂಪುಗೂಡಿದ್ದರು. ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದಿತ್ತು, ಒಳಗೆ ಐದು ಜನ. ಎಲ್ಲೋ ಮೇಲಿನಿಂದ ಗಂಡನ ದನಿ ಕೇಳಿಸಿತು. "ಗಾಬರಿ ಆಗ್ಬೇಡಿ, ನಾನು ಇಲ್ಲೇ ಇದ್ದೀನಿ. ಉಸಿರು ನಿಧಾನ ಬಿಡಿ. ಇನ್ನು ನಾಲ್ಕೇ ನಿಮಿಷ." ತಾನು ಮಕ್ಕಳ ತೋಳು ಹಿಡಿದಾಗ ಆಡುವ ದನಿಯೇ ಅದು. ಮದುವೆಯಾಗಿ ಇಪ್ಪತ್ಮೂರು ವರ್ಷವಾದರೂ ಅವನು ಕೆಲಸ ಮಾಡುವುದನ್ನು ಅವಳು ಕಂಡದ್ದು ಅದೇ ಮೊದಲು.

ನಾಲ್ಕಲ್ಲ, ಒಂಬತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಹೊರಬಂದವರಲ್ಲಿ ಒಬ್ಬರೂ ಅವನಿಗೆ ಒಂದು ಒಳ್ಳೆಯ ಮಾತು ಆಡಲಿಲ್ಲ. ಟೈ ಕಟ್ಟಿದ ಒಬ್ಬ ಬೆರಳು ಕುಣಿಸಿದ. "ತಿಂಗಳಿಗೆ ಎರಡು ಸಲ ಇದೇ ಗೋಳು! ಏನ್ ಕಿಸಿತೀರಿ ನೀವು ಇಲ್ಲಿ?" ಒಬ್ಬ ಹೆಂಗಸು ಅವನ ಹೆಸರನ್ನು ಬರೆದುಕೊಂಡಳು. ಗಂಡ ಕೈ ಒರೆಸಿಕೊಳ್ಳುತ್ತ, ತಲೆ ತಗ್ಗಿಸಿ, "ಸರಿ ಸಾರ್, ಸರಿ ಮೇಡಂ" ಎನ್ನುತ್ತಿದ್ದ. ಹೊಸ ಬಿಡಿಭಾಗ ತರಿಸಿಕೊಡಿ ಎಂದು ಎಂಟು ತಿಂಗಳಿಂದ ಅದೇ ಕಚೇರಿಗೆ ಅವನು ಪತ್ರ ಬರೆಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು.

ಇಬ್ಬರೂ ಹಿಂಬದಿಯ ಮೆಟ್ಟಿಲಿನ ಮೇಲೆ ಕುಳಿತರು. 

"ಐದರೊಳಗೆ ಹೇಳ್ಬೇಕಂತೆ," ಎಂದಳಷ್ಟೇ.

ಅವನು ಉಗುರಿನ ಗ್ರೀಸು ಕೆರೆಯುತ್ತ ಕುಳಿತ. ಆಮೇಲೆ ಹೇಳಿದ: "ಆ ಲಿಫ್ಟುಗಳು ಅಷ್ಟೇನೂ ಕೆಟ್ಟಿರಲಿಲ್ಲ ಕಣೇ. ಅರ್ಧ ದಿನದ ಕೆಲಸ ಒಂದೊಂದೂ."

"ಏನಂದ್ರಿ?"

"ನಾನಿರೋ ಕಟ್ಟಡದಲ್ಲಿ ಲಿಫ್ಟು ನಿಂತ್ರೆ ಯಾರ ಬಾಗಿಲು ತಟ್ತಾರೆ ಹೇಳು? ಹಲ್ಲುಜ್ಜೋ ಮುಂಚೆ ಬರ್ತಾರೆ, ಊಟಕ್ಕೆ ಕೂತಾಗ ಬರ್ತಾರೆ. ಬರದಿದ್ರೂ ಅಷ್ಟೇ. ಆ ಮೋಟಾರಿನ ಸದ್ದು ಗೋಡೆಯೊಳಗಿಂದ ಕೇಳಿಸ್ತಾ ಇದ್ರೆ ನನಗೆ ತುತ್ತು ಇಳಿಯಲ್ಲ. ಎಲ್ಲಿ ಏನು ಸವೆದುಹೋಗ್ತಾ ಇದೆ ಅಂತ ಲೆಕ್ಕ ಹಾಕ್ತಾ ಕೂತಿರ್ತೀನಿ. ಬೈಸ್ಕೊಳ್ಳೋದು ಇಲ್ಲಿಗೇ ಮುಗಿಲಿ. ಮನೇಲೂ ಬೇಡ."

ಅಯ್ಯೋ ಪಾಪ ಅನ್ನಿಸಿತು. ಅದರ ಬೆನ್ನಿಗೇ, ಪಾಪದ ಎರಡರಷ್ಟು ಕೋಪವೂ ಬಂತು.

"ಇದನ್ನ ಮೊದಲನೇ ದಿನವೇ ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು? ಬ್ರೇಕಂತೆ, ಹಗ್ಗವಂತೆ! ಹನ್ನೊಂದು ಭಾನುವಾರ ನನ್ನ ಮಂಡಿ ಎಳ್ಕೊಂಡು ಊರೆಲ್ಲ ತಿರುಗಿದೀನಿ!"

"ಹೇಳೋಕೆ ನಾಚಿಕೆ ಆಯ್ತು."

"ನನ್ನನ್ನ ಮೆಟ್ಟಿಲು ಹತ್ತಿಸೋಕೆ ಆಗ್ಲಿಲ್ವಾ ನಾಚಿಕೆ?"

 ಅವಳು ಗಡಿಯಾರ ನೋಡಿದಳು. ಗಂಟೆ ಮೂರೂಕಾಲು. ಮನೆ ಬಿಡಲು ಉಳಿದದ್ದು ಇಪ್ಪತ್ತಾರು ದಿನ. ಕೈಯಲ್ಲಿ ಬೇರೆ ಫ್ಲಾಟಿಲ್ಲ. ಇದ್ದಿದ್ದರೂ, ಇನ್ನು ಮುಂದೆ ಆ ಲಿಫ್ಟಿನ ಗುಂಡಿ ಒತ್ತಿದಾಗಲೆಲ್ಲ ಇವನ ತಗ್ಗಿದ ತಲೆ ಕಣ್ಣಮುಂದೆ ಬರದೆ ಇರುತ್ತದೆಯೆ? ಸತ್ಯವನ್ನು ಬಚ್ಚಿಟ್ಟೂ ಗೆದ್ದ, ಹೇಳಿಯೂ ಗೆದ್ದ ಎಂದು ಅವಳಿಗೆ ಅಳುವಷ್ಟು ಹತಾಶೆಯಾಯಿತು.

"ಕೇಳಿ," ಎಂದಳು. "ಕೆಳಗಿನ ಹಜಾರ ನನ್ನ ಮಲಗೋ ಕೋಣೆ. ಮೆಟ್ಟಿಲ ಕೆಳಗೆ ಬಚ್ಚಲು ಕಟ್ಟಿಸ್ಬೇಕು, ಅದು ಮುಗಿಯೋವರೆಗೂ ನಾನು ಆ ಮನೆಗೆ ಕಾಲಿಡಲ್ಲ. ಮೇಲಿಂದ ಏನು ಬೇಕಾದ್ರೂ ತರೋದು, ಒಯ್ಯೋದು, ಗುಡಿಸೋದು ನೀವು. ಮತ್ತೆ ವ್ಯಾಯಾಮ ಅನ್ನೋ ಪದ ನನ್ನ ಕಿವಿಗೆ ಬೀಳ್ಬಾರ್ದು."

ಅವನು ಎಲ್ಲಕ್ಕೂ ಗೋಣು ಆಡಿಸಿದ. ಅವಳೇ ದಲ್ಲಾಳಿಗೆ ಫೋನು ಮಾಡಿ ಹೂಂ ಅಂದಳು. ಒಪ್ಪುವುದು ಬೇರೆ, ಮೆಚ್ಚುವುದು ಬೇರೆ. ಅವಳು ಒಪ್ಪಿದ್ದಳು.

ಬಚ್ಚಲು ಕಟ್ಟುವವನು ಹತ್ತು ದಿನ ಎಂದವನು ನಲವತ್ತು ದಿನ ಮಾಡಿದ. ಹಳೆಯ ಮನೆ ಬಿಟ್ಟ ಮೇಲೆ ಎರಡು ವಾರ ಅವಳು ಲ್ಯಾಬಿನ ಗೆಳತಿಯ ಮನೆಯಲ್ಲಿ ಮಲಗಬೇಕಾಯಿತು. ಬಚ್ಚಲ ಬಾಗಿಲು ಒಳಗೆ ತೆರೆಯಬೇಕಾದದ್ದು ಹೊರಗೆ ತೆರೆಯುತ್ತಿತ್ತು, ಒಳಗೆ ನಿಂತರೆ ತಲೆಗೆ ಮೆಟ್ಟಿಲಿನ ಓರೆ ತಾಗುತ್ತಿತ್ತು. ಮೂರಂತಸ್ತಿನ ಮನೆ ಕೊಂಡು ಅವಳು ಒಂದೂವರೆ ಕೋಣೆಯಲ್ಲಿ ಬದುಕಿದಳು. ತಲೆಯ ಮೇಲೊಂದು ಖಾಲಿ ಮನೆ ಹೊತ್ತುಕೊಂಡ ಫ್ಲಾಟು ಇದು ಎಂದು ಲ್ಯಾಬಿನಲ್ಲಿ ಹೇಳಿಕೊಂಡು ನಗುತ್ತಿದ್ದಳು. ಹೇಳಿದ ಮೇಲೆ ನಗು ಬೇಗ ಆರಿಹೋಗುತ್ತಿತ್ತು. ಮಾಳಿಗೆಯಿಂದ ಸಂಜೆ ಬಲು ಚೆನ್ನಾಗಿ ಕಾಣುತ್ತದಂತೆ. ಮಗಳು ರಜೆಗೆ ಬಂದಾಗ ಫೋಟೊ ತೆಗೆದು ತೋರಿಸಿದಳು.

ಗಂಡ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ತಂದ, ಒಯ್ದ, ಗುಡಿಸಿದ. ಆದರೆ ಭಾನುವಾರ ಬಂದರೆ ಮೇಲಿನ ಕೋಣೆ ಸೇರಿಕೊಂಡು, ಹಲಗೆಗಳನ್ನು ಕೊಯ್ದು ಮೊಳೆ ಹೊಡೆದು ಏನೋ ಮಾಡುತ್ತ ಕೂರುತ್ತಿದ್ದ. ಯಾರೂ ಕರೆಯದ, ಯಾರೂ ಬೈಯದ ಕೆಲಸ. ಅಂಥ ಒಂದು ಭಾನುವಾರ ಅವಳು ಚಹಾ ಮಾಡಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು, ಗಂಟಲು ಹರಿಯುವಂತೆ. ಮೂರನೆಯ ಸಲಕ್ಕೆ ಪಕ್ಕದ ಗೋಡೆಯಾಚೆಯಿಂದ, ಇನ್ನೂ ಮುಖ ನೋಡಿರದ ನೆರೆಮನೆಯಾಕೆಯ ದನಿ ಸ್ಪಷ್ಟವಾಗಿ ಕೇಳಿಸಿತು:

"ಅವರು ತುದಿಯ ಕೋಣೇಲಿ ಏನೋ ಕುಟ್ತಾ ಇದ್ದಾರಮ್ಮಾ! ನಿಮಗೆ ಕೇಳಿಸ್ತಿಲ್ವಾ? ನಮಗೆ ಬೆಳಿಗ್ಗೆ ಆರರಿಂದ ಕೇಳಿಸ್ತಿದೆ!"

ಸೂಜಿಯಕ್ಕ ಗೋಡೆಯನ್ನೇ ನೋಡುತ್ತ ನಿಂತಳು. ಕ್ಷಮಿಸಿ ಎನ್ನಬೇಕೆಂದುಕೊಂಡಳು. ಬಾಯಿಂದ ಹೊರಟದ್ದು ಮಾತ್ರ, "ಕೇಳಿಸ್ಕೊಳ್ಳಿ, ನಾನೊಬ್ಬಳೇ ಯಾಕೆ ಅನುಭವಿಸ್ಲಿ?" ಎಂಬ ಮಾತು.

ಆಚೆಯಿಂದ ನಗು ಕೇಳಿಸಿತು. ಇವಳಿಗೆ ನಗು ಬರಲಿಲ್ಲ. ಕುರ್ಚಿ ಎಳೆದು ಕುಳಿತು, ಎರಡೂ ಲೋಟದ ಚಹಾ ತಾನೇ ಕುಡಿದಳು.