ಆರಾದ ಮೇಲೆ ಮತ್ತೊಂದು

ಬೆಳಗಿನ ಆರು ಗಂಟೆ ಐದು ನಿಮಿಷ. ಹಮಾಲ ಹಾಲಸಿದ್ದ ಒಂದನೆಯ ಪ್ಲಾಟ್‌ಫಾರ್ಮಿನ ಮೇಲೆ ಮೊಣಕಾಲೂರಿದ್ದಾನೆ. ಬೆನ್ನಿನ ಮೇಲೆ ದಾನೋಳಿಯ ರತ್ನಮಾಲಾ. ವಯಸ್ಸು ಎಪ್ಪತ್ತೊಂದು, ಸೊಂಟದ ಕೀಲು ಸವೆದು ಎರಡು ವರ್ಷ. ಮೊಮ್ಮಗಳು ಪ್ರಿಯದರ್ಶನಿ ನಾಲ್ಕು ಪದರದ ಮಾದರಪಾಟು ಬಟ್ಟೆಯ ಪಟ್ಟಿಯಿಂದ ಇಬ್ಬರನ್ನೂ ಸೇರಿಸಿ ಬಿಗಿಯುತ್ತಿದ್ದಾಳೆ. ಪುಣೆಯ ಗಾಡಿ ಒಂದಕ್ಕಲ್ಲ, ಮೂರಕ್ಕೆ ಬರುವುದೆಂದು ಧ್ವನಿವರ್ಧಕ ಈಗಷ್ಟೇ ಹೇಳಿದೆ. ಅದು ಹೊರಡುವುದು ಆರೂ ಹದಿನೈದಕ್ಕೆ. ಮೇಲ್ಸೇತುವೆ ದಾಟಲು ಹಾಲಸಿದ್ದನಿಗೆ ಒಂಬತ್ತು ನಿಮಿಷ ಬೇಕು. ಉಳಿಯುವುದು ಒಂದು.

ನಾಳೆ ಪುಣೆಯಲ್ಲಿ ಶಸ್ತ್ರಚಿಕಿತ್ಸೆ. ಆ ತಾರೀಖು ಸಿಕ್ಕಿದ್ದು ನಾಲ್ಕು ತಿಂಗಳು ಕಾದ ಮೇಲೆ.

"ಗಟ್ಟಿ ಹಿಡೀರಿ ಆಯಿ. ಕುತಿಗಿ ಮಾತ್ರ ಹಿಸುಕಬ್ಯಾಡ್ರಿ, ಇಬ್ರೂ ಇಲ್ಲೇ ಉಳಿತೀವಿ."

"ಮೊದಲ ಏಳಪಾ, ನಿನ್ನ ಚೇಷ್ಟಿ ಆಮ್ಯಾಲೆ."

ನಿಲ್ದಾಣ ದೊಡ್ಡ ನಗರದ್ದು. ಹೆಸರು ಇಲ್ಲಿ ಬೇಡ. "ಬರದ್ರ ನನ್ನ ಬಿಲ್ಲಾ ಹೋದೀತ್ರಿ" ಎಂದು ಹಾಲಸಿದ್ದ ತೋಳಿನ ಹಿತ್ತಾಳೆಯ ಪರವಾನಗಿ ಬಿಲ್ಲೆಯನ್ನು ಮುಚ್ಚಿಕೊಳ್ಳುತ್ತಾನೆ. ಲಿಫ್ಟಿನ ಬಾಗಿಲಿಗೆ 'ಬಂದ ಆಹೆ', ಮುಚ್ಚಿದೆ, ಎಂಬ ಮರಾಠಿ ಫಲಕ ತೂಗಿ ಹನ್ನೊಂದು ತಿಂಗಳಾಗಿದೆ. ಗಾಲಿಕುರ್ಚಿ ಒಂದಿದೆ, ಅದಕ್ಕೆ ಮುಂದಿನ ಗಾಲಿ ಒಂದಿಲ್ಲ. ಅಂಗವಿಕಲರ ಶೌಚಾಲಯಕ್ಕೆ ಹೋಗಬೇಕಾದರೆ ಮೂರು ಮೆಟ್ಟಿಲು ಹತ್ತಬೇಕು.

ಹಾಲಸಿದ್ದ ನೂಲ ಎಂಬ ಊರಿನವನು. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ದುಡಿದ. ಶೆಡ್ಡು ಮುಚ್ಚಿತು, ಅಲ್ಲಿ ತಾನೇ ನೇಯ್ದ ಈ ಮಾದರಪಾಟು ಉಳಿಯಿತು. ಹದಿನಾಲ್ಕು ವರ್ಷದಿಂದ ಹಮಾಲ. ಸೇತುವೆಗೆ ಹತ್ತಲು ನಲವತ್ತೆರಡು ಮೆಟ್ಟಿಲು, ಇಳಿಯಲು ನಲವತ್ತೆರಡು. ಹತ್ತಿದರೆ ಎತ್ತರ ಇಪ್ಪತ್ತೊಂದು ಅಡಿ. ದಿನಕ್ಕೆ ಮೂವರನ್ನು ಹೊತ್ತರೆ, ತಿಂಗಳ ಇಪ್ಪತ್ತಾರು ದಿನಕ್ಕೆ ಸಾವಿರದ ಆರುನೂರ ಮೂವತ್ತೆಂಟು ಅಡಿ. ಅವನ ವಯಸ್ಸು ಐವತ್ತಾರು. ಎಡ ಮೊಣಕಾಲು ಈಚೆಗೆ ಸದ್ದು ಮಾಡುತ್ತದೆ.

ಅವನ ಎಣಿಕೆ ಕಣದ ಎಣಿಕೆ. ಅಪ್ಪ ಜೋಳ ಅಳೆಯುವಾಗ ಒಂದಕ್ಕೆ 'ಲಾಭ' ಎನ್ನುತ್ತಿದ್ದ, ಏಳಕ್ಕೆ 'ಮತ್ತೊಂದು'. ಏಳು ಎಂದರೆ ರಾಶಿಯ ಲಕ್ಷ್ಮಿ ಎದ್ದು ಹೋದಾಳೆಂಬ ಅಂಜಿಕೆ. ಏಳೇಳರಂತೆ ಆರು ಸಲ ಎಣಿಸಿದರೆ ಹಾಲಸಿದ್ದನಿಗೆ ಸೇತುವೆಯ ನೆತ್ತಿ.

"ಲಾಭ, ಎರಡ, ಮೂರ..."

ನಾಲ್ಕನೆಯ ಸುತ್ತಿನಲ್ಲಿ ಗಾಡಿಯ ಶಿಟಿ ಕೇಳಿಸುತ್ತದೆ. ಅವನಿಗೆ ಉಬ್ಬಸ, ಎಣಿಕೆ ಬಾಯಲ್ಲೇ ಒಣಗುತ್ತಿದೆ. ಚೀಲ ಹೊತ್ತು ಹಿಂದೆ ಬರುತ್ತಿರುವ ಪ್ರಿಯದರ್ಶನಿ ತಾಳಲಾರದೆ ತಾನೇ ಎಣಿಸತೊಡಗುತ್ತಾಳೆ. "ಲವಕರ ಕಾಕಾ, ಬೇಗ! ಐದು, ಆರು, ಏಳು!"

ಕಣ್ಣು ಮುಚ್ಚಿಕೊಂಡಿದ್ದ ರತ್ನಮಾಲಾಗೆ ಕೇಳಿಸಿದ್ದು ಏಳು ಎಂಬ ಆಜ್ಞೆ. ಮೇಲೆ ಮುಟ್ಟಿದೆವೆಂದು ತಿಳಿದು ಆಕೆ ಕೈ ಸಡಿಲಿಸಿ ಮೈ ನಿಗುರಿಸುತ್ತಾರೆ. ಭಾರ ಹಿಂದಕ್ಕೆ ಜೋಲುತ್ತದೆ. ಹಾಲಸಿದ್ದನ ಎಡಗಾಲು ಒಂದು ಮೆಟ್ಟಿಲು ಕೆಳಗೆ ಜಾರುತ್ತದೆ. ಬಲಗೈಗೆ ಕಟಾಂಜನ ಸಿಗುತ್ತದೆ, ಮಾದರಪಾಟು ಹಿಡಿಯುತ್ತದೆ.



"ತಂಗಿ," ಅವನು ತಿರುಗದೆ ಹೇಳುತ್ತಾನೆ, "ಏಳ ಅನಬಾರದವಾ. ಮತ್ತೊಂದು ಅನ್ನಬೇಕ."

"ಸಾಲಿ ಕಲ್ತಾಳ, ರಾಶಿ ಕಂಡಿಲ್ಲ" ಎಂದು ರತ್ನಮಾಲಾ ಗದರಿ, ಮತ್ತೆ ಅವನ ಹೆಗಲನ್ನು ಬಿಗಿಹಿಡಿಯುತ್ತಾರೆ. "ನೀ ಹತ್ತಪಾ. ನಾ ಎಣಸ್ತೀನಿ."

ಉಳಿದ ಮೆಟ್ಟಿಲುಗಳನ್ನು ಆಕೆಯೇ ಅಳೆಯುತ್ತಾರೆ, ಅವನ ಕಿವಿಯ ಹತ್ತಿರ, ಕಣದಲ್ಲಿ ಕುಳಿತಂತೆ. ಇಳಿಯುವಾಗಲೂ ಆರು ಸಲ 'ಮತ್ತೊಂದು'. ಬೋಗಿಯ ಬಾಗಿಲು ಪ್ಲಾಟ್‌ಫಾರ್ಮಿಗಿಂತ ಮೊಳದಷ್ಟು ಎತ್ತರ. ಒಳಗಿದ್ದವರು ತೋಳು ಹಿಡಿದೆಳೆಯುತ್ತಾರೆ, ಹಾಲಸಿದ್ದ ಕೆಳಗಿನಿಂದ ಎತ್ತಿಕೊಡುತ್ತಾನೆ. ಪ್ರಿಯದರ್ಶನಿ ಹತ್ತಿದೊಡನೆ ಗಾಡಿ ಕದಲುತ್ತದೆ.

"ಹದಿನೈದ ದಿನಕ್ಕ ಹೊಳ್ಳಿ ಬರತೀವಿ, ಇರ್ತಿಯಲ್ಲ?" ಕಿಟಕಿಯಿಂದ ರತ್ನಮಾಲಾ ಕೂಗುತ್ತಾರೆ.

"ನಾ ಇರ್ತೀನ್ರಿ ಆಯಿ!" ಎನ್ನುತ್ತಾನೆ. ಗಾಡಿ ಹೋದ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ, "ಇದರದು ನನಗ ಗೊತ್ತಿಲ್ಲ" ಎಂದು ಸೇರಿಸುತ್ತಾನೆ. ಹೊಸ ಕೀಲಿನ ಆಕೆಯನ್ನು ಬೆನ್ನಿನ ಮೇಲೆ ಮಡಚಿ ಕೂರಿಸಬಹುದೇ? ಅದೂ ಅವನಿಗೆ ಗೊತ್ತಿಲ್ಲ.

ಲಿಫ್ಟು ಸುರುವಾದರೆ ಈ ಕೆಲಸ ತಪ್ಪುತ್ತದಲ್ಲವೇ ಎಂದು ಕೇಳಿದರೆ ಪಟ್ಟಿ ಮಡಚುತ್ತ ನಗುತ್ತಾನೆ.

"ತಪ್ಪಲಿ ಬಿಡ್ರಿ. ಗಂಟ ಹೊರಾಕ ಭಾಳ ಅದಾವು. ಹದಿನಾಕ ವರ್ಷ ಆತ್ರಿ, ಈ ಪುಲ್ಲಿನ ಮೆಟ್ಟಲ ಮ್ಯಾಲ ಆ ಶಬ್ದ ನನ್ನ ಬಾಯಾಗ ಬಂದಿಲ್ಲ. ಲಿಫ್ಟ ಚಾಲೂ ಆದ ದಿನ ಅದರ ಬಾಗಲದಾಗ ನಿಂತು, ಕುಂತಾವ್ರಿಗೆಲ್ಲ ಬಾಯಿ ತುಂಬ ಅಂತೀನಿ: ಏಳ್ರಿ."