ಕುದುರೆ ಲಾಯದ ಕಾಲೇಜು

ನಾನು ಚಿಕ್ಕವಳಿದ್ದಾಗ, ಇನ್ನೂ ಮೂರನೇ ಕ್ಲಾಸಿನಲ್ಲಿದ್ದಾಗಲೇ ಕಾಲೇಜಿಗೆ ಹೋಗಿದ್ದೆ ಎಂದರೆ, ಮೊಮ್ಮಕ್ಕಳೇ, ನೀವು ನಗುತ್ತೀರಿ. ನಗಿರಿ. ಆದರೆ ಪೂರ್ತಿ ಕೇಳಿ ಆಮೇಲೆ ನಗಿರಿ.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಕಟ್ಟಡವಿತ್ತು. ಯಾವುದೋ ಕಾಲದಲ್ಲಿ ಅದು ಕುದುರೆ ಲಾಯ. ಕುದುರೆಗಳು ಹೋದ ಮೇಲೆ ಬಹಳ ವರ್ಷ ಬಾವಲಿಗಳು ವಾಸವಾಗಿದ್ದವು. ಆಮೇಲೆ ಸುಣ್ಣ ಬಳಿದು, ಬೆಂಚು ಹಾಕಿ, ಅಲ್ಲೇ ಕಾಲೇಜು ಶುರು ಮಾಡಿದರು. ಈಗ ದೊಡ್ಡ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಅದರ ಸುತ್ತ ಬೆಳೆದಿದೆ. ಆಗ ಸುತ್ತಲೂ ಜಾಲಿಗಿಡ, ಕೆಂಪು ಮಣ್ಣು, ಅಷ್ಟೇ.

ನಮ್ಮೂರು ವಡ್ಡು. ಅಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಸಂಜೆ ಬಂದರೆ ಅವನ ರೆಪ್ಪೆಯೂ ಕೆಂಪು, ಬೆವರೂ ಕೆಂಪು. ನಮ್ಮ ಓಣಿಯಲ್ಲಿ ಮೆಟ್ರಿಕ್ ಪಾಸಾದ ಮೊದಲ ಹುಡುಗಿ ನನ್ನ ಅಕ್ಕ. ಅವಳು ಆಗಷ್ಟೇ ಶುರುವಾಗಿದ್ದ ಆ ಕಾಲೇಜು ಸೇರಲು ಹೋದ ದಿನ ಬೇಗನೆ ತಿರುಗಿ ಬಂದಳು. ಚಪ್ಪಲಿ ಬಿಟ್ಟು ನೇರವಾಗಿ ಒಲೆಯ ಮುಂದೆ ಕುಳಿತಳು.

“ಬರೇ ಹುಡುಗರ ನಡುವ ಒಬ್ಬಾಕಿ ಹುಡುಗೀನ ಕುಂದ್ರಿಸಾಕ ಆಗಲ್ಲಂತ. ಇನ್ನೊಬ್ಬಾಕಿ ಬಂದ್ರ ಇಬ್ರನ್ನೂ ತಗಂತಾರಂತ. ಪ್ರಿನ್ಸಿಪಾಲ್ರು ಹಂಗಂದ್ರು.”

“ದೊಡ್ಡೋರ ಕೂಡ ಜಗಳ ಬ್ಯಾಡವ್ವ,” ಎಂದ ಅಪ್ಪ. ಅವನ ದನಿ ಸಣ್ಣಗಾಗಿತ್ತು.

“ಜಗಳ ಯಾಕ ಮಾಡ್ಲಪ್ಪ? ಇಬ್ರು ಬೇಕಂದಾರ, ಇಬ್ರು ಹೋಕ್ಕೀವಿ,” ಎಂದು ಅಕ್ಕ ನನ್ನ ಕಡೆ ನೋಡಿದಳು.

ಮರುದಿನ ಬೆಳಿಗ್ಗೆ ಅವಳು ನನ್ನ ತಲೆಗೆ ಕೊಬ್ಬರಿ ಎಣ್ಣೆ ಸುರಿದು, ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿದಳು. ಬಸ್ಸಿನ ತುಂಬ ಬೀಡಿ ವಾಸನೆ, ಬುಟ್ಟಿಯೊಳಗಿನ ಕೊತ್ತಂಬರಿಯ ವಾಸನೆ. ಅಪ್ಪ ಗಣಿಗೆ ಹೋಗದೆ ನಮ್ಮ ಜೊತೆಗೇ ಬಂದ.

ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತಿದ್ದರು. “ಏನಮ್ಮ ಇದು?”

“ಎರಡನೇ ಹುಡುಗಿ ಸರ್.”

ನಮ್ಮ ಹಿಂದೆ ಅಂಗಳದಲ್ಲಿ ನಿಂತಿದ್ದ ಹುಡುಗರು ಹೋ ಎಂದು ನಕ್ಕರು. ಪ್ರಿನ್ಸಿಪಾಲರು ನನ್ನನ್ನು ಕೇಳಿದರು: “ನೀ ಎಷ್ಟನೇ ಕ್ಲಾಸು?”

“ಮೂರನೇ ಕ್ಲಾಸ್ರಿ,” ಎಂದೆ. ಸುಳ್ಳು ಹೇಳು ಎಂದು ಅಕ್ಕ ಕಲಿಸಿರಲಿಲ್ಲ.

“ತಮಾಷೆ ಹಚ್ಚೀಯೇನು? ಮನೀಗೆ ನಡೀರಿ!”

“ಎಷ್ಟನೇ ಕ್ಲಾಸಿನಾಕಿ ಅಂತ ನೀವು ಹೇಳಿದ್ದಿಲ್ಲ ಸರ್. ಹುಡುಗಿ ಬೇಕಂದ್ರಿ, ಕರ್ಕಂಡು ಬಂದೀನಿ,” ಎಂದಳು ಅಕ್ಕ. ಹೇಳಿದವಳೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ನಾನೂ ಕುಳಿತೆ. ಬಾಗಿಲು ಅಗಲವಾಗಿರಲಿಲ್ಲ. ನಮ್ಮನ್ನು ದಾಟದೆ ಒಳಗೆ ಹೋಗುವ ಹಾಗಿರಲಿಲ್ಲ. ಕೂತ ಹೆಣ್ಣುಮಕ್ಕಳನ್ನು ದಾಟಲು ಯಾರಿಗೂ ಧೈರ್ಯ ಬರಲಿಲ್ಲ.

ಬಿಸಿಲು ಏರಿತು. ನನ್ನ ಹೊಟ್ಟೆ ಗುರುಗುಟ್ಟಿತು. ಅಕ್ಕನ ಕೈ ಹಿಡಿದೆ, ಅದು ಒದ್ದೆಯಾಗಿತ್ತು. ಅವಳಿಗೂ ಹೆದರಿಕೆಯಾಗಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ಆದರೂ ಅವಳು ಏಳಲಿಲ್ಲ.

ಆಗ ಜಾಲಿಗಿಡದ ನೆರಳಲ್ಲಿ ನಿಂತಿದ್ದ ಅಪ್ಪ ಬಂದ. ದೊಡ್ಡವರ ಮುಂದೆ ತಲೆ ಎತ್ತಿ ಗೊತ್ತಿಲ್ಲದ ನಮ್ಮಪ್ಪ, ಟವೆಲ್ ಹೆಗಲ ಮೇಲಿಂದ ತೆಗೆಯಲೂ ಇಲ್ಲ. ನನ್ನ ಪಕ್ಕ ಹೊಸ್ತಿಲ ಕೆಳಗೆ ಕುಳಿತ.

“ಕುದುರಿ ಕಟ್ಟಿದ ಜಾಗದಾಗ ನನ್ನ ಮಗಳಿಗೆ ಜಾಗ ಇಲ್ಲೇನ್ರಿ ಸಾಹೇಬ್ರ?” ಎಂದ.

ಯಾರೂ ನಗಲಿಲ್ಲ. ಗುಂಪಿನಿಂದ ಒಬ್ಬ ಹುಡುಗ, “ಒಳಗ ಬಿಡ್ರಿ ಸರ್, ನಮ್ ತೆಲಿ ಸುಡಾಕತ್ತೈತಿ,” ಎಂದ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. “ಇವತ್ತೊಂದಿನ,” ಎಂದು ಪಕ್ಕಕ್ಕೆ ಸರಿದರು.

ಒಳಗೆ ತಣ್ಣಗಿತ್ತು. ಹೊಸ ಬೆಂಚಿನ ವಾರ್ನಿಷ್ ವಾಸನೆ, ಹಸಿ ಸುಣ್ಣದ ವಾಸನೆ. ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಹಾಗೇ ಇದ್ದವು. ನಾನು ಒಂದನ್ನು ಎತ್ತಿ ಬಿಟ್ಟೆ, ಠಣ್ ಎಂದಿತು. ಮೇಷ್ಟ್ರು ತಿರುಗಿ ನೋಡಿದರು. ಪಾಠ ನನಗೆ ಒಂದಿಷ್ಟೂ ತಿಳಿಯಲಿಲ್ಲ. ಅಕ್ಕ ಮಾತ್ರ ರೆಪ್ಪೆ ಹೊಡೆಯದೆ ಕೇಳುತ್ತಿದ್ದಳು.

ಮರುದಿನವೂ ಹೋದೆವು, ಅದರ ಮರುದಿನವೂ. ಯಾರೂ ತಡೆಯಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮರಿಯಮ್ಮನಹಳ್ಳಿಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ನಾನು ನನ್ನ ಮೂರನೇ ಕ್ಲಾಸಿಗೆ ವಾಪಸಾದೆ. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದ ಟೀಚರಿಗೆ, “ಕಾಲೇಜಿನಾಗ್ರಿ,” ಎಂದೆ. ಬೆನ್ನಿಗೆ ಎರಡು ಬಿತ್ತು. ಅಕ್ಕ ಬಿ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾದಳು.

ನಿಮಗೆ ಸ್ಕೂಲ್ ಬಸ್ಸು ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತದೆ. ನಿಮ್ಮ ಕ್ಲಾಸಿನಲ್ಲಿ ಹುಡುಗಿಯರು ಎಷ್ಟಿದ್ದಾರೆ ಎಂದು ಎಣಿಸಿ ಬಾಗಿಲು ತೆಗೆಯುವವರು ಯಾರೂ ಇಲ್ಲ. ಆ ಲಾಯದಲ್ಲೀಗ ಸಾಲಾಗಿ ಕಂಪ್ಯೂಟರುಗಳು, ಹೊರಗೆ ಸಾಲಾಗಿ ಹುಡುಗಿಯರ ಸ್ಕೂಟಿಗಳು. ಮೊನ್ನೆ ನಿಮ್ಮನ್ನು ಕರೆದುಕೊಂಡು ಹೋದಾಗ ವಾಚ್‌ಮನ್ ಅಡ್ಡ ಬಂದನಲ್ಲ, “ಸ್ಟೂಡೆಂಟ್ಸಿಗೆ ಮಾತ್ರ ಅಮ್ಮ,” ಎಂದು?

“ನಾನೂ ಇಲ್ಲಿ ಕುಂತು ಪಾಠ ಕೇಳೀನಪ್ಪ,” ಎಂದೆ.

ಅವನು ನನ್ನ ಬಿಳಿ ಕೂದಲು ನೋಡಿ ನಕ್ಕ. “ಯಾವ ಬ್ಯಾಚಮ್ಮ?”

“ಮೊದಲನೇದು,” ಎಂದು ಹೇಳಿ ಒಳಗೆ ನಡೆದೆ. ನೀವು ನನ್ನ ಹಿಂದೆ ಓಡಿ ಬಂದಿರಿ.